ಅಂಡ ಎಂದರೆ

ನಮ್ಮ ಮನೆಯಲ್ಲಿ ಎರಡು ಥರ್ಮಾಸ್ ಫ್ಲಾಸ್ಕುಗಳಿದ್ದವು. ಹಿಡಿಕೆಗೆ ಕೆಂಪು ದಾರ ಕಟ್ಟಿದ್ದು ನನ್ನದು, ದಾರ ಇಲ್ಲದ್ದು ಮನೆಯದು. ದಾರ ಕಟ್ಟಿದವಳು ಅವ್ವ. ನನ್ನ ಫ್ಲಾಸ್ಕು ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಬಚ್ಚಲಿನ ಕಿಟಕಿಯಲ್ಲಿ ಸೀಗೆಪುಡಿ ಡಬ್ಬದ ಪಕ್ಕದಲ್ಲಿ ಅದರ ವಾಸ.

ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ಎಣ್ಣೆಯ ವ್ಯಾಪಾರ ಮಾಡುವ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಮನೆಗೆ ಕೋಳಿಮೊಟ್ಟೆ ಕೂಡ ಬಂದದ್ದಿಲ್ಲ. ಅಂಥ ಮನೆಯಲ್ಲಿ ಹುಟ್ಟಿದ ನಾನು ತೊಂಬತ್ತರ ದಶಕದ ಕೊನೆಯಲ್ಲಿ ಪಿಎಚ್‌ಡಿಗೆ ಸೇರಿ, ಐದು ವರ್ಷ ಕುರಿಯ ಮೊಟ್ಟೆ ನೋಡುತ್ತ ಕೂತೆ. ಕುರಿಗೂ ಮೊಟ್ಟೆ ಇರುತ್ತದೆ, ಹೊರಗೆ ಇಡುವುದಿಲ್ಲ ಅಷ್ಟೆ. ಅದು ಅಂಡಾಶಯದೊಳಗಿರುವ ಒಂದು ಜೀವಕೋಶ. ಬರಿಗಣ್ಣಿಗೆ ಧೂಳಿನ ಕಣದಂತೆ ಕಾಣುತ್ತದೆ, ಅದೂ ಕಣ್ಣು ಚೆನ್ನಾಗಿದ್ದವರಿಗೆ.

ಲ್ಯಾಬ್ ಇದ್ದ ಊರಿಗೆ ಬಸ್ಸಿನಲ್ಲಿ ಎರಡೂವರೆ ಗಂಟೆ. ಅಲ್ಲಿನ ಒಳ್ಳೆಯ ಸೂಕ್ಷ್ಮದರ್ಶಕ ವಾರವಿಡೀ ದೊಡ್ಡವರ ಪಾಲು, ಭಾನುವಾರ ಪೂರ್ತಿ ದಿನ ಮತ್ತು ಸೋಮವಾರ ಬೆಳಿಗ್ಗೆ ಮಾತ್ರ ನನ್ನದು. ಕುರಿ ಹೆಚ್ಚು ಕಡಿಯುವುದೂ ಭಾನುವಾರವೇ. ಹಾಗಾಗಿ ಶನಿವಾರ ಊರಿಗೆ ಬಂದು, ಭಾನುವಾರ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ, ಬೆಚ್ಚಗಿನ ಉಪ್ಪುನೀರು ತುಂಬಿದ ಫ್ಲಾಸ್ಕಿನಲ್ಲಿ ಅಂಡಾಶಯ ಹಾಕಿಕೊಂಡು ಬಸ್ ಹತ್ತುವುದು ನನ್ನ ಕ್ರಮವಾಯಿತು.

ಮೊದಲ ದಿನ ಆದದ್ದನ್ನು ಹೇಳಬೇಕು. ಕುರಿಮಾಂಸದ ಅಂಗಡಿಯವರು ಅರವತ್ತರ ಸಾಬರು. ಬಿಳಿ ಗಡ್ಡ, ಮೈಮೇಲೆ ಒಂದು ಹನಿ ರಕ್ತವಿಲ್ಲದಷ್ಟು ಅಚ್ಚುಕಟ್ಟು. ನಾನು ರಾತ್ರಿಯೇ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ಹೇಳಿದೆ.

"ನನಗೆ ಕುರಿ ಅಂಡ ಬೇಕಿತ್ತು."

ಅವರು ಕತ್ತಿ ಕೆಳಗಿಟ್ಟರು. "ಅಂಡಾ? ಅದು ಆ ಕಡೆ ಕೋಳಿ ಅಂಗಡೀಲಿ ಸಿಗ್ತೈತಮ್ಮ. ಕುರಿ ಎಲ್ಲಿ ಅಂಡಾ ಇಡ್ತೈತೆ?"

ಉರ್ದುವಿನಲ್ಲಿ ಅಂಡಾ ಎಂದರೆ ಕೋಳಿಮೊಟ್ಟೆ ಎನ್ನುವುದು ನನಗೆ ಹೊಳೆಯಲೇ ಇಲ್ಲ. "ಅದಲ್ಲ ಸಾಬ್ರೇ, ಕುರೀದೇ, ಒಳಗಿರ್ತೈತಲ್ಲ, ಎರಡು. ಕನ್ನಡದ ಅಂಡ" ಎಂದೆ. ಸಾಬರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ನನ್ನ ಮುಖ ನೋಡುವುದನ್ನು ಬಿಟ್ಟು, ಪೇಪರಿನಲ್ಲಿ ಏನೋ ಸುತ್ತಿ, ದಾರ ಕಟ್ಟಿ ಮುಂದಿಟ್ಟರು. ದನಿ ತಗ್ಗಿಸಿ, "ಮನೇಲಿ ಯಾರಿಗಾದ್ರೂ ನಿಶ್ಶಕ್ತೀನಾ? ಮೆಣಸು ಜಾಸ್ತಿ ಹಾಕಿ ಮಾಡಿ" ಎಂದರು.

ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಬಿಚ್ಚಿ ನೋಡಿದರೆ ಟಗರಿನ ಎರಡು ಬೀಜ.

ತಪ್ಪು ಅವರದ್ದಲ್ಲ. ನಮ್ಮ ಕಡೆ ಮಾತಿನಲ್ಲಿ ಅಂಡ ಎಂದರೆ ಗಂಡಸಿನದು. ಅಂಡ ಬಾತೈತೆ ಎಂದು ಡಾಕ್ಟರ ಹತ್ತಿರ ಹೋಗುವವರೆಲ್ಲ ಗಂಡಸರೇ. ಅಂಡ ಎಂದರೆ ಹೆಣ್ಣಿನ ಮೊಟ್ಟೆ ಎನ್ನುವುದು ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಮಾತ್ರ, ಅದೂ ಪರೀಕ್ಷೆಯ ತನಕ. ಆ ಪುಸ್ತಕವನ್ನು ತಲೆಯಲ್ಲಿಟ್ಟುಕೊಂಡು ಮಾರ್ಕೆಟ್ಟಿಗೆ ಹೋದ ಜಾಣೆ ನಾನೊಬ್ಬಳೇ ಇರಬೇಕು. ಮುಂದಿನ ವಾರ ಚಿತ್ರ ಬರೆದುಕೊಂಡು ಹೋದೆ. ಸಾಬರು ಚಿತ್ರ ನೋಡಿ, ನನ್ನನ್ನು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಂದ ಮುಂದೆ ಹೆಣ್ಣು ಕುರಿ ಕಡಿದಾಗಲೆಲ್ಲ ಅವರೇ ಅವರೆಕಾಳಿಗಿಂತ ಸ್ವಲ್ಪ ದೊಡ್ಡದಾದ ಆ ಗಂಟುಗಳನ್ನು ಬಿಡಿಸಿ, ನನ್ನ ಫ್ಲಾಸ್ಕಿಗೆ ಹಾಕಿ, "ಕುದಾಪುರದ ಕಾವಲಲ್ಲಿ ಮೇಯ್ದಿರೋದು, ಒಳ್ಳೇ ಮಾಲು" ಎನ್ನುತ್ತಿದ್ದರು. ಒಂದು ದಿನವೂ ದುಡ್ಡು ಮುಟ್ಟಲಿಲ್ಲ.

ಲ್ಯಾಬಿನಲ್ಲಿ ನಾನು ಮಾಡುತ್ತಿದ್ದದ್ದು ಇಷ್ಟು. ಅಂಡಾಶಯದಿಂದ ಮೊಟ್ಟೆಗಳನ್ನು ಹೀರಿ ತೆಗೆದು, ಕೆಲವನ್ನು ಹಾಗೇ, ಕೆಲವನ್ನು ಒಂದು ದಿನ ಬೆಚ್ಚಗಿಟ್ಟು ಬಲಿಸಿ, ಒಳಗೆ ಒಂದು ಬಣ್ಣ ತುಂಬುವುದು. ಕ್ಯಾಲ್ಸಿಯಂ ತಾಗಿದರೆ ಹೊಳೆಯುವ ಬಣ್ಣ ಅದು. ಮೊಟ್ಟೆಯೊಳಗೆ ಕ್ಯಾಲ್ಸಿಯಂ ಯಾವಾಗಲೂ ಇರುತ್ತದೆ, ಆದರೆ ಬಹುಪಾಲು ಸಣ್ಣ ಚೀಲಗಳೊಳಗೆ ಮುಚ್ಚಿಟ್ಟಿರುತ್ತದೆ. ಗಂಡಿನ ವೀರ್ಯಾಣು ಬಂದು ಬೆರೆತಾಗ ಮೊಟ್ಟೆಯಲ್ಲಿ ಒಂದು ಪುಟ್ಟ ಅಣು ತಯಾರಾಗುತ್ತದೆ. ಅದರ ಪೂರ್ತಿ ಹೆಸರು ನಾಲಿಗೆಗೆ ಭಾರ, ನಾವು ಐಪಿತ್ರೀ ಎನ್ನುತ್ತಿದ್ದೆವು. ಅದೊಂದು ಸಂದೇಶ ಒಯ್ಯುವ ಅಣು. ಚೀಲದ ಗೋಡೆಯಲ್ಲಿ ಅದಕ್ಕೆಂದೇ ಇರುವ ಗ್ರಾಹಕಕ್ಕೆ ಹೋಗಿ ಕೂಡುತ್ತದೆ. ಕೂತರೆ ಬಾಗಿಲು ತೆರೆದು ಕ್ಯಾಲ್ಸಿಯಂ ಚೆಲ್ಲುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಬೆಳಕು ಹರಿದುಹೋಗಿ, ಆರಿ, ಕೆಲವು ನಿಮಿಷ ಬಿಟ್ಟು ಮತ್ತೆ ಹರಿಯುತ್ತದೆ. ಮೊಟ್ಟೆ ಎಚ್ಚರವಾಯಿತು, ಇನ್ನು ಅದು ಒಡೆದು ಎರಡಾಗಿ ನಾಲ್ಕಾಗಿ ಭ್ರೂಣವಾಗಬಹುದು ಎಂದರ್ಥ.

ನಾನು ವೀರ್ಯಾಣುವಿನ ಬದಲು ಗಾಜಿನ ಸೂಜಿಯಲ್ಲಿ ಐಪಿತ್ರೀ ಚುಚ್ಚಿ ನೋಡುತ್ತಿದ್ದೆ. ಬಲಿತ ಮೊಟ್ಟೆಗೆ ಚೂರೇ ಚೂರು ಸಾಕು, ಜಗ್ಗನೆ ಬೆಳಗುತ್ತಿತ್ತು. ಬಲಿಯದ ಮೊಟ್ಟೆ ಅದೇ ಅಳತೆಗೆ ಜಪ್ಪಯ್ಯ ಅನ್ನುತ್ತಿರಲಿಲ್ಲ. ಗ್ರಾಹಕ ಅದರಲ್ಲೂ ಇರುತ್ತದೆ, ಓಗೊಡಲು ಇನ್ನೂ ತಯಾರಿರುವುದಿಲ್ಲ. ಇನ್ನೊಂದು ಬಗೆಯೂ ಇತ್ತು. ಹೆಪಾರಿನ್ ಎಂಬುದನ್ನು ಮೊದಲೇ ಚುಚ್ಚಿಬಿಟ್ಟರೆ ಅದು ಐಪಿತ್ರೀ ಕೂರುವ ಜಾಗ ಹಿಡಿದುಬಿಡುತ್ತದೆ, ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿಯುತ್ತಾರಲ್ಲ ಹಾಗೆ. ಆಮೇಲೆ ಎಷ್ಟು ಐಪಿತ್ರೀ ಬಂದರೂ ನಿಂತೇ ಇರಬೇಕು. ಮೊಟ್ಟೆ ಕತ್ತಲೆಯಲ್ಲೇ ಉಳಿಯುತ್ತದೆ.

ಇದನ್ನೆಲ್ಲ ಮನೆಯಲ್ಲಿ ಕೇಳಿದವಳು ಅಕ್ಕ ಒಬ್ಬಳೇ. ಅವಳನ್ನು ಮೊಳಕಾಲ್ಮೂರಿಗೆ, ರೇಷ್ಮೆ ಸೀರೆ ಅಂಗಡಿಯ ಮನೆಗೆ ಕೊಟ್ಟಿತ್ತು. ಮದುವೆಯಾಗಿ ಆರು ವರ್ಷ, ಮಕ್ಕಳಿರಲಿಲ್ಲ. ಭಾವ ಒಳ್ಳೆಯವನು. ಅಂದರೆ ಜೋರಾಗಿ ಮಾತಾಡಿದವನಲ್ಲ, ಯಾವುದಕ್ಕೂ ಇಲ್ಲ ಎಂದವನಲ್ಲ, ಅವನ ತಾಯಿ ಹಾಕಿದ ಗೆರೆ ದಾಟಿದವನೂ ಅಲ್ಲ. ಆ ತಾಯಿ ಆಂಧ್ರದ ಕಡೆಯವರು, ಅರ್ಧ ತೆಲುಗು ಅರ್ಧ ಕನ್ನಡ, ಎರಡರಲ್ಲೂ ಬಾಯಿ ಗಟ್ಟಿ. ನಾನು ಅವರನ್ನು ಅತ್ತೆಮ್ಮ ಎನ್ನುತ್ತಿದ್ದೆ. ಅಕ್ಕನನ್ನು ಅವರು ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ಆದರೆ ಕೇರಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲ ಕಾರ್ಯವಾದರೂ, "ನೀನು ಮನೆ ನೋಡ್ಕೋ" ಎಂದು ಬಿಟ್ಟು ಹೋಗುತ್ತಿದ್ದರು. ಮಗುವನ್ನು ತೊಟ್ಟಿಲಿಗೆ ಹಾಕುವ ಹೆಂಗಸರ ಸಾಲಿನಲ್ಲಿ ಆರು ವರ್ಷ ಅಕ್ಕ ನಿಲ್ಲಲಿಲ್ಲ.

ಅಕ್ಕ ತವರಿಗೆ ಬಂದಿದ್ದ ಒಂದು ಶನಿವಾರ ಶೇಂಗಾ ಸುಲಿಯುತ್ತ ಕೇಳಿದಳು. "ಗ್ರಾಹಕ ಅಂದ್ರೆ? ನಮ್ಮಂಗಡಿಗೆ ಬರ್ತಾರಲ್ಲ, ಅವ್ರಾ?"

ಭಾವನ ಅಂಗಡಿಯಲ್ಲಿ ಗ್ರಾಹಕರೇ ದೇವರು ಎಂಬ ಬೋರ್ಡಿತ್ತು. ನಾನು ನಕ್ಕು, "ಹೂಂ, ಹಂಗೇ ಅನ್ಕೋ. ಬಂದಿದ್ದನ್ನ ತಗೊಳ್ಳೋದು" ಎಂದೆ.

"ಅಂದ್ರೆ ತತ್ತಿ ತಾನಾಗೇ ಏಳಲ್ಲ?"

"ಏಳಲ್ಲ. ಎಬ್ಬಿಸ್ಬೇಕು."

"ಎಬ್ಬಿಸೋರು ಬರ್ಲಿಲ್ಲ ಅಂದ್ರೆ?"

"ಒಂದು ದಿನ ಕಾಯ್ತೈತೆ. ಆಮೇಲೆ ಸಾಯ್ತೈತೆ."

ಅಕ್ಕ ಸಿಪ್ಪೆಯನ್ನು ಒಂದು ಕಡೆ ಮಾಡಿ, "ಮತ್ತೆ ಅದು ತತ್ತಿ ತಪ್ಪು ಹೆಂಗಾತು?" ಎಂದಳು. ನನ್ನ ಹತ್ತಿರ ಉತ್ತರವಿತ್ತು, ಆದರೆ ಅದನ್ನು ಹೇಳಬೇಕಾದದ್ದು ಅವಳಿಗಲ್ಲ. ಕ್ಯಾಲ್ಸಿಯಂ ಎಂದರೆ ಸುಣ್ಣ ಎಂದು ಯಾರೋ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದ ಅವ್ವ ಒಳಗಿನಿಂದಲೇ, "ಎಲೆ ಅಡಿಕೆ ಜೊತೆ ಸುಣ್ಣ ಸ್ವಲ್ಪ ಜಾಸ್ತಿ ಹಾಕ್ಕೊಳ್ಳೇ" ಎಂದು ಅಕ್ಕನಿಗೆ ಕೂಗಿದಳು. ಅಕ್ಕ ನಗಲಿಲ್ಲ.

ಅವಳನ್ನು ಮೂರು ಡಾಕ್ಟರಿಗೆ ತೋರಿಸಿ ಆಗಿತ್ತು. ಹೋದಲ್ಲೆಲ್ಲ ಗಂಡನನ್ನೂ ಪರೀಕ್ಷೆಗೆ ಕಳಿಸಿ ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಅತ್ತೆಮ್ಮ, "ನನ್ನ ಮಗನಿಗೆ ಏನಾಗೈತೆ, ಕಲ್ಲು ಇದ್ದಂಗವ್ನೆ" ಎಂದು ಡಾಕ್ಟರನ್ನೇ ಬದಲಿಸುತ್ತಿದ್ದರು. ನಾಲ್ಕನೆಯ ಡಾಕ್ಟರ ರಿಪೋರ್ಟು ಬರುವ ಹೊತ್ತಿಗೆ ರಾಯದುರ್ಗದ ಕಡೆ ಒಂದು ಹುಡುಗಿಯನ್ನು ನೋಡಿ ಇಟ್ಟಿದ್ದರು, ಅತ್ತೆಮ್ಮನ ಅಣ್ಣನ ಮಗಳು. ಈ ಸಲ ಊನ ಅಕ್ಕನದೇ ಎಂದು ಕಾಗದದಲ್ಲಿ ಬಂದರೆ ಶ್ರಾವಣ ಕಳೆದ ಮೇಲೆ ಆ ಹುಡುಗಿಯನ್ನು ಮನೆಗೆ ತರುವುದು, ಅಕ್ಕ ಬೇಕಿದ್ದರೆ ಅಲ್ಲೇ ಇರಬಹುದು ಎಂದು ಮಾತಾಗಿತ್ತು. ಇದನ್ನು ಅಕ್ಕ ನನಗೆ ಫೋನಿನಲ್ಲಿ ಹೇಳಿದಳು. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಬೀರುವಿನ ಮೇಲಿನ ಅರೆ ಖಾಲಿ ಮಾಡಿ ನನ್ನ ಸೀರೆಗಳನ್ನು ಕೆಳಗಿನ ಅರೆಗೆ ಇಳಿಸಿದ್ದೇನೆ ಎಂದಳು, ಅಷ್ಟೆ.

ರಿಪೋರ್ಟು ಇಂಗ್ಲಿಷಿನಲ್ಲಿತ್ತು. "ಕುರಿ ಬಸಿರು ಓದೋ ಹುಡುಗಿ ಇದ್ದಾಳಲ್ಲ, ಕರೀರಿ" ಎಂದು ಅತ್ತೆಮ್ಮ ನನಗೇ ಹೇಳಿ ಕಳಿಸಿದರು.

ಮೊಳಕಾಲ್ಮೂರಿನ ಆ ಮನೆಯ ಮುಂದಿನ ಕೋಣೆಯೇ ಅಂಗಡಿ. ಮಧ್ಯಾಹ್ನದ ಹೊತ್ತು ಗಿರಾಕಿಗಳಿರಲಿಲ್ಲ. ಅತ್ತೆಮ್ಮ ಗೋಡೆಗೊರಗಿ ಕೂತಿದ್ದರು. ಭಾವ ಹಾಸುಗೆಯ ಮೇಲೆ ಬಿಚ್ಚಿದ್ದ ಸೀರೆಗಳನ್ನು ಮಡಿಸುತ್ತಿದ್ದ. ಅಕ್ಕ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಕಾಗದ ಬಿಡಿಸಿದೆ. ಅದರಲ್ಲಿ ಹೊಸದೇನೂ ಇರಲಿಲ್ಲ. ಗರ್ಭಕೋಶ ಸರಿಯಿದೆ, ಅಂಡಾಶಯ ಸರಿಯಿದೆ, ತಿಂಗಳಿಗೊಮ್ಮೆ ಅಂಡಾಣು ಬಿಡುಗಡೆಯಾಗುತ್ತಿದೆಯೇ ಎಂದು ಇನ್ನೊಮ್ಮೆ ಪರೀಕ್ಷಿಸಬೇಕು ಎಂದಿತ್ತು. ಗಂಡನ ಬಗ್ಗೆ ಒಂದಕ್ಷರವಿಲ್ಲ. ಹೇಳಿ ಹೇಳಿ ಸಾಕಾಗಿ ಡಾಕ್ಟರು ಬರೆಯುವುದನ್ನೇ ಬಿಟ್ಟಿದ್ದರೋ ಏನೋ.

ಇದ್ದದ್ದನ್ನು ಇದ್ದಂತೆ ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಇನ್ನೂ ಪರೀಕ್ಷೆ ಅಂದರೆ ಇನ್ನೂ ಊನ, ಊನ ಅಂದರೆ ರಾಯದುರ್ಗ. ಅಂಡಾಣು ಎಂದು ಹೇಳಲು ಬಾಯಿ ತೆರೆದೆ. ಸಾಬರು ಕಟ್ಟಿಕೊಟ್ಟ ಪೇಪರಿನ ಗಂಟು ನೆನಪಾಯಿತು.

"ಉಳಿದಿದ್ದೆಲ್ಲ ಸರಿ ಐತಂತೆ" ಎಂದೆ. "ಅಂಡದ ಪರೀಕ್ಷೆ ಒಂದು ಆಗ್ಬೇಕಂತೆ."

ಅತ್ತೆಮ್ಮ ನೆಟ್ಟಗೆ ಕೂತರು. "ಏಂಟಿದಿ? ಯಾವುದ್ರ ಪರೀಕ್ಷೆ?"

"ಅಂಡದ್ದು, ಅತ್ತೆಮ್ಮ."

ಆ ಮನೆಯಲ್ಲಿ ತತ್ತಿ ಎಂದಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು. ತೆಲುಗಿನಲ್ಲಿ ಗುಡ್ಡು ಎಂದಿದ್ದರೆ ಅತ್ತೆಮ್ಮನಿಗೆ ಇನ್ನೂ ಚೆನ್ನಾಗಿ ತಿಳಿಯುತ್ತಿತ್ತು. ಎರಡೂ ಪದ ನನಗೆ ಗೊತ್ತಿದ್ದವು. ಎರಡನ್ನೂ ಹೇಳಲಿಲ್ಲ. ಪುಸ್ತಕದ ಪದವನ್ನೇ ಹೇಳಿದೆ, ಯಾವ ಪಂಡಿತರನ್ನು ಕೇಳಿದರೂ ನಾನು ಹೇಳಿದ್ದು ಸರಿ ಎನ್ನುತ್ತಾರೆ. ಆದರೆ ಕೇಳುವವರ ಕಿವಿಯಲ್ಲಿ ಅದು ಎಲ್ಲಿ ಹೋಗಿ ಕೂರುತ್ತದೆ ಎಂದು ಗೊತ್ತಿದ್ದೇ ಹೇಳಿದೆ. ಅಕ್ಷರ ಬಲ್ಲವಳು ಅಕ್ಷರ ಬಾರದವರಿಗೆ ಮಾಡಬಾರದ ಕೆಲಸ ಅದು. ಮಾಡಿದೆ.

ಅತ್ತೆಮ್ಮ ಸೆರಗನ್ನು ಬಾಯಿಗೆ ಹಿಡಿದು ಮಗನ ಕಡೆ ನೋಡಿದರು. ಭಾವ ಸೀರೆ ಮಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು. ಆಮೇಲೆ ಅತ್ತೆಮ್ಮನೇ, "ಡಾಕ್ಟ್ರು ಬರೆದವ್ರೆ ಅಂದ್ಮೇಲೆ ಏನು ಮಾಡೋಕಾಗ್ತೈತೆ? ಹೋಗಿ ಬಂದ್ಬಿಡಪ್ಪ, ಯಾರಿಗೂ ಹೇಳ್ಬ್ಯಾಡ" ಎಂದರು. ಡಾಕ್ಟರ ಬಾಯಿಮಾತು ಬೇರೆ, ಕಾಗದ ಬೇರೆ. ಕಾಗದದಲ್ಲಿ ಇದ್ದದ್ದಕ್ಕೆ ಅವರು ಎದುರಾಡುವವರಲ್ಲ. ಅಕ್ಕ ನನ್ನತ್ತ ನೋಡಿ ಒಳಗೆ ಹೋದಳು. ಅವಳಿಗೆ ಅರ್ಥವಾಗಿದೆ ಎಂದು ಅವಳ ಬೆನ್ನು ನೋಡಿಯೇ ಗೊತ್ತಾಯಿತು.

ಮೂರು ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಭಾವನ ರಿಪೋರ್ಟು ಚೆನ್ನಾಗಿ ಬಂದುಬಿಟ್ಟರೆ? ಆಗ ಅಕ್ಕನಿಗೆ ಉಳಿಯುವ ನೆಪವೂ ಇರುವುದಿಲ್ಲ, ಸುಳ್ಳಿಯ ಅಕ್ಕ ಎಂಬ ಹೆಸರು ಬೇರೆ. ವಿಜ್ಞಾನ ಓದಿದವಳು ನಾನು, ಸಾಕ್ಷಿ ಇಲ್ಲದೆ ಮಾತಾಡಬಾರದು ಎಂದು ಪಾಠ ಮಾಡುವವಳು. ಯಾವ ಸಾಕ್ಷಿ ಇಟ್ಟುಕೊಂಡು ಆ ಮಾತು ಹೇಳಿದೆ? ಸಿಟ್ಟು ಬಿಟ್ಟರೆ ನನ್ನ ಹತ್ತಿರ ಏನೂ ಇರಲಿಲ್ಲ.

ರಿಪೋರ್ಟು ಬಂತು. ಭಾವನ ವೀರ್ಯದಲ್ಲಿ ವೀರ್ಯಾಣುಗಳು ಇಲ್ಲವೆನ್ನುವಷ್ಟು ಕಡಿಮೆ ಇದ್ದವು. ಅದನ್ನು ಭಾವ ತಾನೇ ತನ್ನ ತಾಯಿಗೆ ಹೇಳಿದನಂತೆ. ಅತ್ತೆಮ್ಮ ಎರಡು ದಿನ ಜಪದ ಕೋಣೆಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ರಾಯದುರ್ಗಕ್ಕೆ ಫೋನ್ ಮಾಡಿ ಬೇರೆ ಗಂಡು ನೋಡಿಕೊಳ್ಳಲು ಹೇಳಿದರು. ಅಕ್ಕನ ಹತ್ತಿರ ತಪ್ಪಾಯಿತು ಎಂದು ಅವರು ಯಾವತ್ತೂ ಹೇಳಲಿಲ್ಲ. ಆದರೆ ಅದೇ ತಿಂಗಳು ಎದುರುಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗುವಾಗ, "ಬಾರಮ್ಮ, ಮಗೂನ ತೊಟ್ಟಿಲಿಗೆ ನೀನೇ ಹಾಕೀಯಂತೆ" ಎಂದು ಅಕ್ಕನನ್ನು ಕರೆದುಕೊಂಡು ಹೋದರು. ಮುಂದೆ ಅವಳಿಗೆ ಮಗುವಾಯಿತೇ ಎಂದು ಕೇಳುವವರಿಗೆ ಉತ್ತರ, ಇಲ್ಲ. ಎಲ್ಲ ಕಥೆಗೂ ಕೊನೆಯಲ್ಲಿ ಮಗು ಬೇಕು ಎನ್ನುವವರನ್ನು ಕಂಡರೆ ನನಗೆ ಈಗಲೂ ರೇಗುತ್ತದೆ. ಅಕ್ಕನ ಸೀರೆಗಳು ಬೀರುವಿನ ಮೇಲಿನ ಅರೆಗೆ ವಾಪಸ್ಸು ಹೋದವು. ನನಗೆ ಅಷ್ಟು ಸಾಕಾಗಿತ್ತು.

ಅದಾಗಿ ಕೆಲವು ತಿಂಗಳ ಮೇಲೆ ಅಕ್ಕನನ್ನು ತವರಿಗೆ ಬಿಡಲು ಬಂದಿದ್ದ ಭಾವ ಭಾನುವಾರ ಬೆಳಿಗ್ಗೆ ನನ್ನ ಜೊತೆ ಬಸ್ ಸ್ಟ್ಯಾಂಡಿಗೆ ಬಂದ. ಕೆಂಪು ದಾರದ ಫ್ಲಾಸ್ಕನ್ನು ತಾನೇ ಹಿಡಿದುಕೊಂಡಿದ್ದ. ಬಸ್ಸು ಬಂದು ನಿಲ್ಲುವ ಮುಂಚೆಯೇ ಹೆಗಲ ಮೇಲಿನ ಟವೆಲ್ ಎಸೆದು ನನಗೊಂದು ಸೀಟು ಹಿಡಿದ. ಆಮೇಲೆ ಫ್ಲಾಸ್ಕು ಕೊಡುತ್ತ ಹೇಳಿದ.

"ನಾನೂ ಪಿಯುಸೀಲಿ ಸೈನ್ಸೇ ಓದಿದ್ದು ಕಣಮ್ಮ."

ನಾನು ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಅಂಡ ಅಂದ್ರೆ ಏನು ಅಂತ ನನಗೂ ಗೊತ್ತು. ಆ ರಿಪೋರ್ಟು ನೀನು ಬರೋಕೆ ಮುಂಚೇನೇ ಓದಿದ್ದೆ."

"ಮತ್ತೆ ಸುಮ್ನೆ ಯಾಕಿದ್ರಿ, ಭಾವ?"

"ಅವ್ವ ಹೋಗು ಅಂದ್ಳಲ್ಲ." ಅವನು ಬಸ್ಸಿನ ಚಕ್ರ ನೋಡುತ್ತಿದ್ದ. "ಹೋಗ್ಬೇಕು ಅಂತ ನಂಗೂ ಇತ್ತು. ಆರು ವರ್ಷದಿಂದ ಮನೇಲಿ ಯಾರಾದ್ರೂ ಒಬ್ರು ಹೋಗು ಅಂತಾರೇನೋ ಅಂತ ಕಾಯ್ತಿದ್ದೆ. ಯಾರೂ ಅನ್ಲಿಲ್ಲ. ನೀನು ಅನ್ನಿಸ್ದೆ."

ಬಸ್ಸು ಹೊರಟಿತು. ಮೊದಲ ಅರ್ಧ ಗಂಟೆ ಮನಸ್ಸು ಹಗುರವಾಗಿತ್ತು. ನಾನು ಮೋಸ ಮಾಡಿರಲಿಲ್ಲ, ಕೇಳಬೇಕಾದವನು ಸರಿಯಾಗಿಯೇ ಕೇಳಿಸಿಕೊಂಡಿದ್ದ. ಆಮೇಲೆ ಸಿಟ್ಟು ಬಂತು. ಆರು ವರ್ಷ! ಅಷ್ಟು ತೊಟ್ಟಿಲ ಕಾರ್ಯಗಳು! ಕಾಲಿದ್ದವನು, ಬಸ್ಸಿನ ದಾರಿ ಗೊತ್ತಿದ್ದವನು! ಮರುದಿನ ಲ್ಯಾಬಿನಲ್ಲಿ ಎರಡು ಸೂಜಿ ಮುರಿದೆ, ಒಂದು ಮೊಟ್ಟೆಯೂ ಬೆಳಗಲಿಲ್ಲ.

ಅಕ್ಕನಿಂದ ಇದನ್ನು ಮುಚ್ಚಿಡುವ ಹಕ್ಕು ನನಗಿಲ್ಲ ಅನ್ನಿಸಿತು, ಆ ಆರು ವರ್ಷ ಅವಳದ್ದು. ಮುಂದಿನ ಶನಿವಾರ ಅವಳು ಇನ್ನೂ ನಮ್ಮ ಮನೆಯಲ್ಲೇ ಇದ್ದಳು. ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಕೂತು ಭಾವ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಯಾರೂ ಅನ್ಲಿಲ್ಲ ಅಂದ್ರಾ?"

"ಹೂಂ. ಯಾರಾದ್ರೂ ಒಬ್ರು ಅಂತಾರೇನೋ ಅಂತ ಕಾಯ್ತಿದ್ರಂತೆ."

ಅಕ್ಕ ರೊಟ್ಟಿಯನ್ನು ಹೆಂಚಿಗೆ ಹಾಕಿ, ಮೇಲೆ ನೀರು ಸವರಿದಳು.

"ನಾನು ಅಂದಿದ್ದೆ ಕಣೇ" ಎಂದಳು. "ಎರಡ್ನೇ ವರ್ಷಾನೇ ಅಂದಿದ್ದೆ. ಆಮೇಲೂ ಎಷ್ಟೋ ಸಲ ಅಂದೆ."